ಮರಡಿಯ ಮೇಲಿನ ಊರು: ಘಟಪ್ರಭೆಯ ದಂಡೆಯವರ ಪ್ರಣಾಳಿಕೆ

ಹೊಳೆ ಏರಿದಾಗಲೆಲ್ಲ ಪತ್ರಿಕೆಗಳು ನಮ್ಮ ಊರುಗಳಿಗೆ ಒಂದೇ ಹೆಸರಿಡುತ್ತವೆ: ನಡುಗಡ್ಡೆ. ಗ್ರಾಮ ನಡುಗಡ್ಡೆಯಾಗಿದೆ ಎಂದು ಅಚ್ಚಾಗುತ್ತದೆ, ಪಕ್ಕದಲ್ಲಿ ನೀರಿನ ನಡುವೆ ನಿಂತ ಮಾಳಿಗೆಯ ಚಿತ್ರ, ಅದರ ಮೇಲೆ ಕೈ ಬೀಸುತ್ತಿರುವ ನಾವು. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲ್ಲೂಕುಗಳ ಹೊಳೆದಂಡೆಯವರಾದ ನಾವು ಆ ಹೆಸರನ್ನು ಇಂದಿನಿಂದ ನಮ್ಮದಾಗಿ ಎತ್ತಿಕೊಳ್ಳುತ್ತೇವೆ. ನಡುಗಡ್ಡೆಯಾಗುವುದು ನಮ್ಮ ನೆಲದ ಸ್ವಭಾವ. ನಡುಗಡ್ಡೆಯಾದ ದಿನ ಹಸಿದು ಕೂರುವುದು, ಕತ್ತಲಲ್ಲಿ ಕೂರುವುದು, ದೋಣಿಯ ದಾರಿ ಕಾಯುವುದು ನೆಲದ ಸ್ವಭಾವವಲ್ಲ. ಅದು ಯಾರೂ ಊರನ್ನು ಯೋಚಿಸಿ ಕಟ್ಟದೆ ಬಿಟ್ಟದ್ದರ ಫಲ. ನಾವು ಯೋಚಿಸಿ ಕಟ್ಟಲು ಹೊರಟಿದ್ದೇವೆ.

ಹೊಳೆಯ ಗುಣ ಮೊದಲು ಹೇಳಬೇಕು, ಊರಿನ ನಕಾಶೆ ಅಲ್ಲಿಂದಲೇ ಶುರುವಾಗುತ್ತದೆ. ಘಟಪ್ರಭೆಯೂ ಹಿರಣ್ಯಕೇಶಿಯೂ ಹುಟ್ಟುವುದು ಸಹ್ಯಾದ್ರಿಯ ನೆತ್ತಿಯಲ್ಲಿ, ಮಹಾರಾಷ್ಟ್ರದ ಅಂಬೋಲಿಯ ಸುತ್ತಿನ ಕಾಡುಗಳಲ್ಲಿ. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ. ಗೋಕಾಕದ ಬಯಲಿಗೆ ಅದರ ಹತ್ತರಲ್ಲೊಂದು ಪಾಲೂ ಬೀಳುವುದಿಲ್ಲ. ಹಾಗಾಗಿ ನಮ್ಮ ಮಹಾಪೂರ ಎಷ್ಟೋ ಸಲ ಒಣ ಆಕಾಶದ ಕೆಳಗೇ ಬರುತ್ತದೆ. ಮುಂದಿನ ಅಂಗಳ ಒಣಗಿರುವಾಗಲೇ ಹೊಳೆ ಹಿತ್ತಲಿಗೆ ಬಂದು ನಿಂತಿರುತ್ತದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಹಿಡಿಯುವ ರಾಜಾ ಲಖಮಗೌಡ ಜಲಾಶಯವಿದೆ. ಅದು ತುಂಬಿದ ಮೇಲೆ ಬಂದ ನೀರನ್ನೆಲ್ಲ ಕೆಳಗೆ ಬಿಡಲೇಬೇಕು. ಅದೇ ದಿನಗಳಲ್ಲಿ ಅಣೆಕಟ್ಟಿನ ಕೆಳಗೆ ಹಿರಣ್ಯಕೇಶಿ ಬಂದು ಕೂಡುತ್ತದೆ, ಗೋಕಾಕದ ಬಳಿ ಮಾರ್ಕಂಡೇಯ ಬಂದು ಸೇರುತ್ತದೆ. 2019ರ ಆಗಸ್ಟ್‌ನಲ್ಲಿ ಮೂರೂ ಒಟ್ಟಿಗೆ ಉಕ್ಕಿದವು. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ಪೇಟೆಯೊಳಗೆ ನೀರು ನುಗ್ಗಿತು, ಸಂಕೇಶ್ವರದ ಹೊಳೆಯಂಚಿನ ಓಣಿಗಳು ಖಾಲಿಯಾದವು, ಮೂಡಲಗಿ ತಾಲ್ಲೂಕಿನ ಸುಣಧೋಳಿ, ಅವರಾದಿ ಕಡೆಯ ಹಳ್ಳಿಗಳಿಗೆ ದಾರಿಯೇ ಇಲ್ಲವಾಯಿತು. 2021ರ ಜುಲೈಯಲ್ಲಿ ಇನ್ನೊಮ್ಮೆ. ಇದು ನೂರು ವರ್ಷಕ್ಕೊಮ್ಮೆ ಬರುವ ನೀರು ಎಂದು ನಮಗೆ ಇನ್ನು ಯಾರೂ ಹೇಳುವುದು ಬೇಡ.

ಹಳೆಯ ವ್ಯವಸ್ಥೆಗೆ ಗೊತ್ತಿದ್ದುದು ಎರಡೇ ಕೆಲಸ, ಎತ್ತುವುದು ಮತ್ತು ಎಣಿಸುವುದು. ನೀರು ಏರಿದಾಗ ನಮ್ಮನ್ನು ಎತ್ತಿ ಶಾಲೆಯ ಕೋಣೆಗಳಿಗೆ ಒಯ್ಯಲಾಯಿತು. ನೀರು ಇಳಿದಾಗ ಬಿದ್ದ ಗೋಡೆಗಳನ್ನು ಎಣಿಸಲಾಯಿತು. 2019ರಲ್ಲಿ ಮನೆಗಳು ಹಾನಿಯ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂಬ ಅಕ್ಷರಗಳಾದವು. ತಕ್ಷಣಕ್ಕೆ ಹತ್ತು ಸಾವಿರ, ಪೂರ್ತಿ ಬಿದ್ದ ಮನೆಗೆ ಐದು ಲಕ್ಷ. ಆ ಹಣ ಬೇಡವಾಗಿತ್ತು ಎಂದು ನಾವು ಹೇಳುವುದಿಲ್ಲ, ಅದರಿಂದ ಸೂರು ಕಂಡವರು ನಮ್ಮಲ್ಲೇ ಇದ್ದಾರೆ. ಆದರೆ ಎಷ್ಟೋ ಮಂದಿ ಅದೇ ಹಣದಲ್ಲಿ, ಅದೇ ಗಾಂವಠಾಣದಲ್ಲಿ, ಅದೇ ಬುನಾದಿಯ ಮೇಲೆ ಮತ್ತೆ ಗೋಡೆ ಎಬ್ಬಿಸಿದರು. ಬೇರೆ ಜಾಗ ಯಾರೂ ತೋರಿಸಲಿಲ್ಲ. ಮನೆಗೆ ಚೆಕ್ಕು ಬಂತು, ಊರಿಗೆ ಏನೂ ಬರಲಿಲ್ಲ. ಊರು ಎಂಬುದು ಮನೆಗಳ ಮೊತ್ತ ಎಂದು ತಿಳಿದದ್ದೇ ಹಳೆಯ ವ್ಯವಸ್ಥೆಯ ಮೂಲ ತಪ್ಪು.

ಊರನ್ನೇ ಎತ್ತಿ ಇಟ್ಟಾಗಲೂ ಆ ತಪ್ಪು ಬಿಡಲಿಲ್ಲ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಆಸರೆ ಯೋಜನೆಯ ಮನೆಗಳು ಎದ್ದವು. ದಾನಿಗಳು ಒಳ್ಳೆಯ ಮನಸ್ಸಿನಿಂದ ಕೊಟ್ಟರು. ಎಷ್ಟೋ ಆಸರೆ ಕಾಲೋನಿಗಳಲ್ಲಿ ಇಂದಿಗೂ ಜಾಲಿ ಬೆಳೆದಿದೆ. ಅಲ್ಲಿ ಎತ್ತು ಕಟ್ಟಲು ಜಾಗವಿರಲಿಲ್ಲ, ಬಣವಿ ಒಟ್ಟಲು ಹಿತ್ತಲಿರಲಿಲ್ಲ, ಹೊಲ ದೂರ, ನೀರು ಇನ್ನೂ ದೂರ. ರೈತನ ಮನೆಯಿಂದ ದನವನ್ನು ಕಳೆದರೆ ಉಳಿಯುವುದು ನಾಲ್ಕು ಗೋಡೆ. ಇದೇ ಘಟಪ್ರಭೆಯ ಕೆಳದಂಡೆಯಲ್ಲಿ ಬಾಗಲಕೋಟೆ ಇದೆ. ಆಲಮಟ್ಟಿಯ ಹಿನ್ನೀರಿಗಾಗಿ ಅಲ್ಲಿ ನವನಗರ ಕಟ್ಟಿದರು, ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿ ಅದರ ನಕಾಶೆ ಹಾಕಿದರು. ರಸ್ತೆಗಳು ಅಗಲವಾದವು, ಸೆಕ್ಟರುಗಳಿಗೆ ಅಂಕಿ ಬಂದವು, ಆದರೂ ಜನರ ಮನಸ್ಸು ಬಹಳ ಕಾಲ ಹಳೆಯ ಪೇಟೆಯಲ್ಲೇ ಇತ್ತು. ನಮ್ಮ ಹಿಡಕಲ್ ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲ ದೇವಸ್ಥಾನ ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದು ಮೇಲೇಳುತ್ತದೆ, ಜನ ಹೋಗಿ ಕೈಮುಗಿದು ಬರುತ್ತಾರೆ. ಆ ಕೈಮುಗಿತದಲ್ಲಿ ಏನಿದೆ ಎಂಬುದು ಅರ್ಥವಾಗದವರು ಹೊಸ ಊರಿನ ನಕಾಶೆ ಬರೆಯಬಾರದು.

ಕಾನೂನೂ ನಮ್ಮನ್ನು ಮರೆತಿದೆ. 2013ರ ಭೂಸ್ವಾಧೀನ ಕಾಯ್ದೆಯ ಮೂರನೆಯ ಅನುಸೂಚಿ ತೆರೆದು ನೋಡಿ. ಸರ್ಕಾರ ಎಬ್ಬಿಸಿದ ಜನರ ಹೊಸ ಊರಿನಲ್ಲಿ ರಸ್ತೆ, ಚರಂಡಿ, ಕುಡಿಯುವ ನೀರು, ದನಗಳಿಗೆ ನೀರು, ಗೋಮಾಳ, ಸ್ಮಶಾನ ಸೇರಿ 25 ಸೌಕರ್ಯಗಳು ಇರಬೇಕೆಂದು ಅಲ್ಲಿ ಬರೆದಿದೆ. ಒಳ್ಳೆಯ ಪಟ್ಟಿ ಅದು, ನಾವು ಅದನ್ನು ಮನಸಾರೆ ಒಪ್ಪುತ್ತೇವೆ. ಆದರೆ ಹೊಳೆ ಎಬ್ಬಿಸಿದವರಿಗೆ ಅದು ಅನ್ವಯಿಸುವುದಿಲ್ಲ. ಹಿಡಕಲ್‌ನ ಹಿನ್ನೀರಿನಲ್ಲಿ ಮುಳುಗಿದರೆ ಒಂದು ನ್ಯಾಯ, ಅದೇ ಹಿಡಕಲ್‌ನಿಂದ ಹೊರಬಂದ ನೀರಿನಲ್ಲಿ ಮುಳುಗಿದರೆ ಇನ್ನೊಂದು. ಆ 25ನ್ನೂ ನಾವು ನಮ್ಮ ಹಕ್ಕೆಂದು ಇಲ್ಲಿ ಘೋಷಿಸುತ್ತೇವೆ.

ಹಳೆಯದರ ಬಗ್ಗೆ ಇಷ್ಟು ಸಾಕು. ಇನ್ನು ನಾವು ನಂಬುವುದನ್ನು ಹೇಳುತ್ತೇವೆ.

ಈ ನೆಲಕ್ಕೆ ಮರಡಿಗಳಿವೆ. ಎರೆಹೊಲಗಳ ನಡುವೆ ಬೆನ್ನು ಎತ್ತಿ ಮಲಗಿದ, ಗರಸು ತುಂಬಿದ, ಉಳುಮೆಗೆ ಬಾರದ ದಿಬ್ಬಗಳು. ಊರುಗಳ ಹೆಸರಿನಲ್ಲೇ ಅವು ಉಳಿದಿವೆ. ಕಾದಂಬರಿಕಾರ ಬಸವರಾಜ ಕಟ್ಟೀಮನಿ ಹುಟ್ಟಿದ ಊರು ಮಲಾಮರಡಿ. ಹಿಂದಿನವರು ನೀರಿಗಾಗಿ ಕೆಳಗೆ ಇಳಿದು ಹೊಳೆಯ ಮಗ್ಗುಲಲ್ಲಿ ಊರು ಹೂಡಿದರು. ನೀರನ್ನು ಮೇಲೆತ್ತುವುದು ಅಂದು ಕಷ್ಟವಾಗಿತ್ತು, ಇಂದು ಅದು ಸುಲಭ. ಜನರನ್ನು ನೀರಿನಿಂದ ಮೇಲೆತ್ತುವುದೇ ಕಷ್ಟವಾಗಿದೆ. ಆದ್ದರಿಂದ ಊರು ಮರಡಿಗೆ ಏರಬೇಕು, ಹೊಲ ಹೊಳೆಯ ಬಳಿಯೇ ಉಳಿಯಬೇಕು, ನಡುವಿನ ದಾರಿ ಚಕ್ಕಡಿಗೆ ಅರ್ಧ ತಾಸಿಗಿಂತ ಹೆಚ್ಚಾಗಬಾರದು. ಜಗತ್ತಿನ ಹೊಳೆದಂಡೆಯವರೆಲ್ಲ ಈ ವಿದ್ಯೆ ಬಲ್ಲರು. ಸಮುದ್ರಕ್ಕೆ ಒಡ್ಡು ಹಾಕುವುದನ್ನು ಕಲಿಯುವ ಮೊದಲೇ ನೆದರ್‌ಲ್ಯಾಂಡ್ಸಿನ ಫ್ರೀಸ್‌ಲ್ಯಾಂಡಿನ ಜನ ಮಣ್ಣು, ಸಗಣಿ ಪೇರಿಸಿ ದಿಬ್ಬ ಎಬ್ಬಿಸಿ ಅದರ ಮೇಲೆ ಊರು ಕಟ್ಟಿದ್ದರು. ಬ್ರಹ್ಮಪುತ್ರೆಯ ನಡುವಿನ ಮಾಜುಲಿಯಲ್ಲಿ ಮಿಸಿಂಗ್ ಜನ ಕಂಬಗಳ ಮೇಲೆ ಮನೆ ನಿಲ್ಲಿಸುತ್ತಾರೆ. ನಮಗೆ ನಿಸರ್ಗವೇ ದಿಬ್ಬ ಕಟ್ಟಿ ಕೊಟ್ಟಿದೆ.

ಹೊಸ ಊರಿಗೆ ನಾವು ಒಂದೇ ಅಳತೆಗೋಲು ಇಟ್ಟಿದ್ದೇವೆ: ಹದಿನೈದು ದಿನ. ಹೊರಗಿನಿಂದ ಒಂದು ಕಾಳು, ಒಂದು ಕೊಡ ನೀರು, ಒಂದು ಯೂನಿಟ್ ಕರೆಂಟು ಬಾರದಿದ್ದರೂ ಹದಿನೈದು ದಿನ ಊರು ತನ್ನ ಕಾಲ ಮೇಲೆ ನಿಲ್ಲಬೇಕು. ಉಳಿದ 350 ದಿನ ಅದು ಎಲ್ಲರೊಡನೆ ಬೆರೆತ, ಸಂತೆಗೆ ಹೋಗುವ, ಬಸ್ಸು ಬರುವ ಊರು. ಆ ಹದಿನೈದು ದಿನ ಅದು ಪೂರ್ಣ ನಡುಗಡ್ಡೆ.

ಲೆಕ್ಕ ಹಾಕಿ ತೋರಿಸುತ್ತೇವೆ, ಲೆಕ್ಕವಿಲ್ಲದ ಕನಸನ್ನು ನಾವು ಬಹಳ ಕೇಳಿದ್ದೇವೆ. ಐನೂರು ಮನೆ, 2500 ಜನ, ಸಾವಿರ ದೊಡ್ಡ ದನ ಎಂದಿಟ್ಟುಕೊಳ್ಳಿ. ಜಲಜೀವನ್ ಯೋಜನೆ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಹೇಳುತ್ತದೆ, ಹದಿನೈದು ದಿನಕ್ಕೆ ಅದು 20 ಲಕ್ಷ ಲೀಟರಿಗೆ ತುಸು ಮೇಲೆ. ಒಂದು ದನಕ್ಕೆ ದಿನಕ್ಕೆ 40 ಲೀಟರ್ ಹಿಡಿದರೆ ಇನ್ನೂ ಆರು ಲಕ್ಷ. ಒಟ್ಟು 30 ಲಕ್ಷ ಲೀಟರಿನ ಹೊಂಡ ಬೇಕು: 30 ಮೀಟರ್ ಉದ್ದ, 25 ಮೀಟರ್ ಅಗಲ, 4 ಮೀಟರ್ ಆಳ. ಕಲ್ಲು ಕಟ್ಟಿ, ಮೇಲೆ ಮುಚ್ಚಿದ ಹೊಂಡ. ಅದನ್ನು ತುಂಬಲು ಹೊಳೆಯೂ ಬೇಕಿಲ್ಲ. ವರ್ಷಕ್ಕೆ 500 ಮಿಲಿಮೀಟರ್ ಮಳೆಯೆಂದು ಹಿಡಿದರೂ 60 ಚದರ ಮೀಟರಿನ ಒಂದು ಚಾವಣಿ, ಸೋರಿ ಆರಿ ಹೋದದ್ದನ್ನು ಕಳೆದು, 24 ಸಾವಿರ ಲೀಟರ್ ಕೊಡುತ್ತದೆ. ಐನೂರು ಚಾವಣಿಗಳು ಕೂಡಿದರೆ ಆ ಹೊಂಡ ನಾಲ್ಕು ಸಲ ತುಂಬುತ್ತದೆ. ಮಹಾಪೂರದ ನಡುವೆ ನಿಂತು ಕುಡಿಯಲು ನೀರಿಲ್ಲ ಎನ್ನುವುದು ನಮ್ಮ ದಂಡೆಯ ಅತ್ಯಂತ ಹಳೆಯ ಸಂಕಟ. ನಳದ ನೀರೆತ್ತುವ ಬಾವಿಗಳೇ ಮೊದಲು ಮುಳುಗುತ್ತವೆ. ಆ ಸಂಕಟ ನಮ್ಮ ತಲೆಮಾರಿಗೆ ಮುಗಿಯಬೇಕು.

ಕಾಳಿನ ಮಾತು ಇನ್ನೂ ಹತ್ತಿರದ್ದು. ನೆರೆಯಲ್ಲಿ ನಾವು ಹಸಿದದ್ದು ಜೋಳವಿಲ್ಲದೆ ಅಲ್ಲ. ಅಟ್ಟದ ಮೇಲೆ ಚೀಲಗಳಿದ್ದವು. ಕರೆಂಟು ಹೋಗಿ ಹಿಟ್ಟಿನ ಗಿರಣಿ ನಿಂತಿತ್ತು, ಬೀಸುವ ಕಲ್ಲು ಯಾವ ಕಾಲದಲ್ಲೋ ಹಿತ್ತಲಿಗೆ ಬಿದ್ದಿತ್ತು. ಚೀಲದ ಮೇಲೆ ಕುಳಿತು ಹಸಿದ ಹೆಂಗಸರು ಇಂದು ಈ ಚಳವಳಿಯ ಮುಂದಿನ ಸಾಲಿನಲ್ಲಿದ್ದಾರೆ. ಅವರು ಹೇಳಿದ ಒಂದು ಮಾತನ್ನು ನಾವು ಯೋಜನೆಯ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇವೆ: ಊರಿನ ಗಿರಣಿ ಎಂದೂ ನಿಲ್ಲಬಾರದು. ದಿನಕ್ಕೆ ಒಬ್ಬರಿಗೆ 400 ಗ್ರಾಮಿನಂತೆ ಇಡೀ ಊರಿಗೆ ಹದಿನೈದು ದಿನಕ್ಕೆ 150 ಕ್ವಿಂಟಲ್ ಜೋಳ ಸಾಕು. ಒಂದು ಸಾಮಾನ್ಯ ಗಿರಣಿಗೆ ಏಳೂವರೆ ಅಶ್ವಶಕ್ತಿಯ ಮೋಟರು ಸಾಕು, ದಿನಕ್ಕೆ ನಾಲ್ಕು ತಾಸು ತಿರುಗಿದರೆ 23 ಯೂನಿಟ್ಟಿನೊಳಗೆ ಮುಗಿಯುತ್ತದೆ. ಕಾಳನ್ನು ಹಗೇವುಗಳಲ್ಲಿಡುತ್ತೇವೆ. ನಮ್ಮ ಅಜ್ಜಂದಿರು ನೆಲ ತೋಡಿ ಒಳಗೆ ಹುಲ್ಲು ಹಾಸಿ ವರ್ಷಗಟ್ಟಲೆ ಜೋಳ ಕಾಪಾಡುತ್ತಿದ್ದ ವಿದ್ಯೆ ಅದು. ಹೊಳೆಯ ಬದಿಯ ಹಸಿ ನೆಲದಲ್ಲಿ ಅದು ಸಾಗದು, ಮರಡಿಯ ಒಣ ಗರಸಿನಲ್ಲಿ ಸಾಗುತ್ತದೆ. ದನಗಳಿಗೆ, ತಲೆಗೆ ದಿನಕ್ಕೆ ಆರು ಕಿಲೋ ಕಣಿಕೆಯಂತೆ, 90 ಟನ್ ಮೇವು ಒಟ್ಟಬೇಕು. ಬಣವಿಗೆ ಜಾಗವಿಲ್ಲದ ನಕಾಶೆಗೆ ನಾವು ಸಹಿ ಹಾಕುವುದಿಲ್ಲ.

ಬೆಳಕಿನ ವಿಷಯದಲ್ಲಿ ನಾವು ಯಾರಿಂದಲೂ ಪಾಠ ಹೇಳಿಸಿಕೊಳ್ಳಬೇಕಿಲ್ಲ. ಗೋಕಾಕ ಫಾಲ್ಸಿನಲ್ಲಿ 52 ಮೀಟರ್ ಧುಮುಕುವ ಇದೇ ಘಟಪ್ರಭೆಯ ಬಲದಿಂದ 1887ರಲ್ಲೇ ನೂಲಿನ ಗಿರಣಿ ತಿರುಗತೊಡಗಿತು. ಧೂಪದಾಳದ ಒಡ್ಡು 1897ರದು. ಬಹುತೇಕ ಭಾರತ ಎಣ್ಣೆಯ ದೀಪದಲ್ಲಿದ್ದಾಗ ನಮ್ಮ ಹೊಳೆ ಯಂತ್ರ ತಿರುಗಿಸುತ್ತಿತ್ತು. ಆದರೆ ಅದಕ್ಕಿಂತ ನಮ್ಮನ್ನು ಹೆಚ್ಚು ಹುರಿದುಂಬಿಸುವುದು ಹುಕ್ಕೇರಿಯ ಕಥೆ. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಮೊದಲ ಐದು ಕಡೆಗಳಲ್ಲಿ ಅದೊಂದು. ಗುಜರಾತಿನ ಕೊಡಿನಾರ, ಮಹಾರಾಷ್ಟ್ರದ ಮುಳಾ ಪ್ರವರಾ, ಅಂದಿನ ಆಂಧ್ರದ ಸಿರಿಸಿಲ್ಲ, ಉತ್ತರ ಪ್ರದೇಶದ ಲಖನೌ ಉಳಿದವು. ಅಪ್ಪಣಗೌಡ ಪಾಟೀಲರಂಥ ಸಹಕಾರಿಗಳು ಬೆಳೆಸಿದ ಸಂಘ ಅದು. ಕಂಬ, ತಂತಿ, ಟಿಸಿ, ಬಿಲ್ಲು, ಎಲ್ಲಕ್ಕೂ ಬಳಸುವವರೇ ಒಡೆಯರು. ಕರ್ನಾಟಕದ ಉಳಿದೆಡೆ ಈ ಕೆಲಸವನ್ನು ಸರ್ಕಾರದ ಕಂಪನಿಗಳು ಮಾಡುತ್ತವೆ. ರೈತರೇ ಸದಸ್ಯರಾದ ಸಂಘ ಮಾಡುವುದು ಹುಕ್ಕೇರಿಯಲ್ಲಿ ಮಾತ್ರ. ಚುನಾವಣೆಯ ಜಗಳ, ಬಾಕಿಯ ತಕರಾರು ಎಲ್ಲ ಇದ್ದೂ ಅರ್ಧ ಶತಮಾನ ದಾಟಿ ಅದು ಬದುಕಿದೆ ಎಂಬುದೇ ನಮಗೆ ಸಾಕ್ಷಿ.

ಆ ಸಂಘದ ಹೆಗಲ ಮೇಲೆ ನಿಂತು ನಾವು ಇನ್ನೊಂದು ಮೆಟ್ಟಿಲು ಏರುತ್ತೇವೆ. ಹುಕ್ಕೇರಿಯ ಸಂಘ ಸಗಟಾಗಿ ಕರೆಂಟು ಕೊಂಡು ಮನೆಮನೆಗೆ ಹಂಚುತ್ತದೆ. ತಂತಿ ನಮ್ಮದಾಯಿತು, ತಂತಿಯೊಳಗಿನದು ಹೊರಗಿನದಾಗಿಯೇ ಉಳಿಯಿತು. ಮರಡಿಯ ಊರಿನಲ್ಲಿ ಕರೆಂಟೂ ನಮ್ಮದಾಗಬೇಕು. 50 ಕಿಲೋವಾಟಿನ ಸೌರಘಟಕ ಬಿಸಿಲಿನ ದಿನ 200 ಯೂನಿಟ್ ಕೊಡುತ್ತದೆ, ಮೋಡದ ದಿನ ಅರ್ಧಕ್ಕೆ ಇಳಿದರೂ ನೂರು. ಮನೆಗೆರಡು ಎಲ್‌ಇಡಿ ದೀಪ ಐದು ತಾಸು ಉರಿದರೆ ಐನೂರು ಮನೆಗೆ 45 ಯೂನಿಟ್. ಗಿರಣಿಗೆ 23. ಉಳಿದದ್ದು ನೀರೆತ್ತಲು, ಲಸಿಕೆ ಇಡುವ ಫ್ರಿಜ್ಜಿಗೆ, ಮೊಬೈಲುಗಳಿಗೆ. ಹೊರಗಿನ ತಂತಿ ಕಡಿದ ಕ್ಷಣವೇ ಊರು ತನ್ನಷ್ಟಕ್ಕೆ ತಾನು ಉರಿಯುವಂತೆ ಜೋಡಿಸುವುದಕ್ಕೆ ತಂತ್ರಜ್ಞರು ಇಟ್ಟಿರುವ ಹೆಸರೂ ದ್ವೀಪದ್ದೇ. ಈ ಘಟಕಕ್ಕೆ ಒಬ್ಬ ಗುತ್ತಿಗೆದಾರ ಒಡೆಯನಾಗಬಾರದು. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ದೇಶದ ಮೊದಮೊದಲ ಕೃಷಿ ಸಹಕಾರ ಸಂಘಗಳಲ್ಲಿ ಒಂದನ್ನು ಕಟ್ಟಿದ ನಾಡು ಇದು. ಹೊಂಡ, ಹಗೇವು, ಗಿರಣಿ, ಘಟಕ ನಾಲ್ಕೂ ಒಂದೇ ಸಂಘದವು, ಮನೆಗೊಂದು ಪಾಲು, ಪಾಲಿಗೊಂದು ಮತ.

ಈಗ ಎಲ್ಲಕ್ಕಿಂತ ಕಠಿಣವಾದ ಮಾತು. ಹಳೆಯ ಗಾಂವಠಾಣಗಳ ನಕಾಶೆ ತೆಗೆದು ನೋಡಿದರೆ ನೀರಿಗೆ ಮೊದಲು ಸಿಗುವುದು ಯಾರ ಓಣಿ ಎಂಬುದು ಕಾಣುತ್ತದೆ. ತಗ್ಗಿನಲ್ಲಿ, ಊರಿನ ಹೊರಗೆ, ಹೊಳೆಗೆ ಮುಖ ಮಾಡಿ ಕೇರಿಗಳಿದ್ದವು. ಮಹಾಪೂರ ಜಾತಿ ನೋಡುವುದಿಲ್ಲ ಎನ್ನುತ್ತಾರೆ. ಊರು ನೋಡಿತ್ತು, ಮಹಾಪೂರ ಅದರ ಹಿಂದೆ ಬಂತು. ಮರಡಿಯ ಮೇಲೆ ಅದೇ ಊರನ್ನು ಅದೇ ಸಾಲಿನಲ್ಲಿ ಮತ್ತೆ ಕಟ್ಟುವುದಾದರೆ ನಮಗೆ ಈ ಶ್ರಮವೇ ಬೇಡ. ಆದ್ದರಿಂದ ಜಾಗಗಳನ್ನು ಚೀಟಿ ಎತ್ತಿ ಹಂಚುತ್ತೇವೆ. ಯಾರ ಪಕ್ಕ ಯಾರು ಎಂಬುದನ್ನು ಮಗುವಿನ ಕೈ ನಿರ್ಧರಿಸುತ್ತದೆ. ಹೊಂಡ ಒಂದೇ, ಅದಕ್ಕೆ ದಾರಿ ಎಲ್ಲ ಓಣಿಗಳಿಂದ. ಹೊಲವಿಲ್ಲದ ಕೂಲಿಯವರಿಗೂ ಅಷ್ಟೇ ಅಳತೆಯ ಜಾಗ, ಅಷ್ಟೇ ಪಾಲು. ಉತಾರದಲ್ಲಿ ಹೆಂಗಸಿನ ಹೆಸರು ಮೊದಲು ಇರುತ್ತದೆ. ಇದಕ್ಕೆ ಒಪ್ಪದವರು ನಮ್ಮೊಡನೆ ಕೂತು ವಾದಿಸಲಿ, ನಾವು ಎಷ್ಟು ರಾತ್ರಿಯಾದರೂ ಕೂಡುತ್ತೇವೆ. ಆದರೆ ಈ ಸಾಲನ್ನು ಪ್ರಣಾಳಿಕೆಯಿಂದ ತೆಗೆಯುವುದಿಲ್ಲ.

ಶಾಲೆ ಎತ್ತರದಲ್ಲಿರಲಿ, ಆದರೆ ಅದು ಶಾಲೆಯಾಗಿಯೇ ಇರಲಿ. ನೆರೆ ಬಂದಾಗಲೆಲ್ಲ ಮಕ್ಕಳ ಪಾಠ ನಿಲ್ಲುವುದು ಸಾಕು. ಆರೋಗ್ಯಕ್ಕೆ ಎರಡು ಹಾಸಿಗೆ, ಒಬ್ಬ ದಾದಿ, ಹಾವಿನ ಕಡಿತದ ಔಷಧ, ಹೆರಿಗೆಗೆ ಒಂದು ಕೋಣೆ. ಘಟಪ್ರಭಾ ಊರಿನಲ್ಲಿ 1929ರಿಂದ ಆರೋಗ್ಯಧಾಮ ನಡೆದು ಬಂದಿದೆ, ಸೇವಾದಳದ ಡಾ. ನಾ. ಸು. ಹರ್ಡೀಕರರು ದುಡಿದ ಜಾಗ ಅದು. ಸೇವೆ ಎಂಬ ಮಾತಿಗೆ ಈ ದಂಡೆಯಲ್ಲಿ ಬೇರು ಇದೆ. ದಾರಿ ಒಂದೇ ಸಾಕು, ಆದರೆ 2019ರ ನೀರಿನ ಮಟ್ಟಕ್ಕಿಂತ ಮೇಲೆ, ಕಂಬಗಳ ಮೇಲೆ, ಹೊಳೆ ಅಡಿಯಿಂದ ಹಾಯುವಂತೆ. ಮಣ್ಣಿನ ಒಡ್ಡಿನ ರಸ್ತೆ ನೀರಿಗೆ ಅಡ್ಡವಾಗಿ ಪಕ್ಕದ ಊರನ್ನು ಮುಳುಗಿಸುತ್ತದೆ. ಒಂದು ಊರು ಉಳಿಯಲು ಇನ್ನೊಂದನ್ನು ಮುಳುಗಿಸುವ ಯಾವ ಕಾಮಗಾರಿಯನ್ನೂ ನಾವು ಕೇಳುವುದಿಲ್ಲ.

ಹಳೆಯ ಊರಿನ ಗುಡಿಗಳನ್ನು ಬಿಟ್ಟು ಓಡುವವರಲ್ಲ ನಾವು. ಜಾತ್ರೆಗೆ ಕೆಳಗೆ ಇಳಿಯುತ್ತೇವೆ, ಬಿತ್ತಲು ಇಳಿಯುತ್ತೇವೆ, ಹೊಳೆಯಲ್ಲಿ ಎತ್ತಿನ ಮೈ ತೊಳೆಯಲು ಇಳಿಯುತ್ತೇವೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಶಿವಾಪುರವೆಂಬ ಊರನ್ನು ಬರೆಬರೆದೇ ಕಟ್ಟಿದರು. ಕನ್ನಡಿಗರೆಲ್ಲ ಅದರ ಓಣಿಗಳಲ್ಲಿ ಓಡಾಡಿದ್ದಾರೆ. ಈ ದಂಡೆಯವರಿಗೆ ಊರು ಕಲ್ಪಿಸುವ ಶಕ್ತಿ ಮೊದಲಿನಿಂದಲೂ ಇದೆ. ಅದನ್ನು ಕಲ್ಲಿನಲ್ಲಿ, ಗಾರೆಯಲ್ಲಿ ಮಾಡಿ ತೋರಿಸುವುದು ನಮ್ಮ ಪಾಲಿಗೆ ಬಂದಿದೆ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ ಎಂಜಿನಿಯರಿಂಗ್ ಕಲಿಯುವ ಹುಡುಗ ಹುಡುಗಿಯರೇ, ಕೃಷ್ಣೆಯ ನಡುವಿನ ಕುರ್ವಕಲಾ, ಕುರ್ವಕುರ್ದಾಗಳಲ್ಲಿ ತಲೆಮಾರುಗಳಿಂದ ಬದುಕಿರುವ ರಾಯಚೂರಿನ ಬಂಧುಗಳೇ, ನಮಗೆ ನಿಮ್ಮೆಲ್ಲರ ಕೈ ಬೇಕು. ಈ ಚಳವಳಿಗೆ ಇನ್ನೂ ಹೆಸರಿಟ್ಟಿಲ್ಲ, ಅಧ್ಯಕ್ಷರಿಲ್ಲ, ಚಂದಾ ಪುಸ್ತಕವಿಲ್ಲ. ಮೊದಲ ಕೆಲಸ ಮಾತ್ರ ಗೊತ್ತುಮಾಡಿದ್ದೇವೆ. ಹೊಳೆದಂಡೆಯ ಪ್ರತಿ ಊರಿನಲ್ಲೂ ಗುಡಿಯ ಕಂಬಕ್ಕೆ, ಶಾಲೆಯ ಗೋಡೆಗೆ, ಮನೆಯ ಚೌಕಟ್ಟಿಗೆ 2019ರ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಕೆಂಪು ಗೆರೆ ಎಳೆಯುವುದು. ಸುಣ್ಣ ಬಳಿದು ಆ ಗುರುತನ್ನು ಅಳಿಸಿದವರು ನೆನಪಿನಿಂದ ಎಳೆಯಿರಿ, ನೆರೆಯವರನ್ನು ಕೇಳಿ ಸರಿಪಡಿಸಿಕೊಳ್ಳಿ. ಆಮೇಲೆ ನಿಮ್ಮ ಊರಿನ ಹತ್ತಿರದ ಮರಡಿಯನ್ನು ಹತ್ತಿ, ಅದರ ನೆತ್ತಿ ಆ ಗೆರೆಗಿಂತ ಎಷ್ಟು ಮೇಲಿದೆ ಎಂದು ಅಳೆಯಿರಿ, ಅದರ ಉತಾರ ತೆಗೆಸಿ ಯಾರ ಹೆಸರಿನಲ್ಲಿದೆ ನೋಡಿರಿ. ಮುಂದಿನ ಮುಂಗಾರಿನ ಮೊದಲು ಮೂರೂ ತಾಲ್ಲೂಕಿನವರು ಒಂದು ಕಡೆ ಕೂಡೋಣ. ಬರುವಾಗ ಆ ಎರಡು ಅಳತೆಗಳನ್ನು ತನ್ನಿರಿ, ಜೊತೆಗೆ ಹಗೇವು ತೋಡಿ ಗೊತ್ತಿರುವ ಹಿರಿಯರು ಯಾರಾದರೂ ಇದ್ದರೆ ಅವರನ್ನೂ ಕರೆತನ್ನಿರಿ.